ಬೋನಪಾರ್ಟೆಯ ಹಿಮ್ಮೆಟ್ಟುವಿಕೆ: ಒಂದು ಪಿಟೀಲು ಧಾಟಿ, ಹಲವು ಕೈಗಳು

1992ರಲ್ಲಿ ಅಮೆರಿಕದ ಟಿವಿಯಲ್ಲಿ ದನದ ಮಾಂಸದ ಜಾಹೀರಾತೊಂದು ಬರತೊಡಗಿತು. ನಟ ರಾಬರ್ಟ್ ಮಿಚಮ್ ಅವರ ಗಡಸು ದನಿ. ಅದರ ಹಿಂದೆ ಎಲ್ಲೂ ನಿಲ್ಲದೆ ಓಡುವ ಒಂದು ವಾದ್ಯಸಂಗೀತ. ಆ ಸಂಗೀತ ಶುರುವಾದರೆ ಸಾಕು, ಅಮೆರಿಕನ್ನರ ಕಣ್ಣಮುಂದೆ ಹುಲ್ಲುಗಾವಲು, ಕುದುರೆ, ಕೌಬಾಯ್ ಎಲ್ಲ ಬಂದುಬಿಡುತ್ತವೆ. ಇದು ಯಾರದು ಅಂತ ಕೇಳಿದರೆ ತಿಳಿದವರು ಏರನ್ ಕೋಪ್‌ಲ್ಯಾಂಡ್ ಅವರ ಹೆಸರು ಹೇಳುತ್ತಾರೆ. 1942ರಲ್ಲಿ ‘ರೋಡಿಯೋ’ ಎಂಬ ಬ್ಯಾಲೆಗೆ ಅವರು ಬರೆದ ಸಂಗೀತದ ಕೊನೆಯ ಭಾಗ ಅದು. ಅದರ ಹೆಸರು ‘ಹೋ-ಡೌನ್’.

ಈ ಉತ್ತರ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ವಾದ್ಯಗೋಷ್ಠಿಯ ಜೋಡಣೆ ಕೋಪ್‌ಲ್ಯಾಂಡ್ ಅವರದು. ಆದರೆ ಆ ಓಡುವ ಧಾಟಿ ಅವರದಲ್ಲ. ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ ವಿಲಿಯಂ ಹ್ಯಾಮಿಲ್ಟನ್ ಸ್ಟೆಪ್ ಎಂಬ ಪಿಟೀಲುಗಾರರು 1937ರ ಅಕ್ಟೋಬರ್ 26ರಂದು ಅದನ್ನು ನುಡಿಸಿದ್ದರು. ಹಾಗಂತ ಅದನ್ನು ಸ್ಟೆಪ್ ಅವರೇ ಕಟ್ಟಿದ್ದೂ ಅಲ್ಲ. ಅವರು ಹುಟ್ಟುವ ಮೊದಲೇ ಅದು ಊರೂರಿನ ಪಿಟೀಲುಗಾರರ ಬಳಿ ಇತ್ತು. ‘ಬೋನಪಾರ್ಟ್ಸ್ ರಿಟ್ರೀಟ್’ ಅದರ ಹೆಸರು. ಬೋನಪಾರ್ಟೆ ಹಿಮ್ಮೆಟ್ಟಿದ್ದು ಎಂದರ್ಥ.

ಜಾನಪದ ಅಂದಕೂಡಲೇ ‘ಯಾರೋ ಕಟ್ಟಿದ್ದು’ ಅಂದು ಮುಂದೆ ಹೋಗುವ ಅಭ್ಯಾಸ ನಮಗಿದೆ. ಮೊದಲು ಕಟ್ಟಿದವರು ಯಾರೆಂದು ತಿಳಿಯುವುದಿಲ್ಲ, ಅದೇನೋ ನಿಜ. ಆದರೆ ನಮ್ಮ ಕಿವಿಗೆ ಬೀಳುವ ಒಂದೊಂದು ರೂಪವೂ ಯಾರೋ ಒಬ್ಬ ನಿರ್ದಿಷ್ಟ ಮನುಷ್ಯನ ಕೈಯಲ್ಲಿ ಹಾಗಾಗಿರುತ್ತದೆ. ಆ ಕೈ ಯಾರದೆಂದು ಎಷ್ಟೋ ಸಲ ಗೊತ್ತೂ ಇರುತ್ತದೆ. ಈ ಒಂದು ಧಾಟಿಯನ್ನು ಹಿಡಿದು ನಡೆದರೆ ಅದು ಚೆನ್ನಾಗಿ ಕಾಣುತ್ತದೆ.

ಕೆಂಟಕಿಯಲ್ಲಿ ನೆಪೋಲಿಯನ್ ಯಾಕೆ?

ಯುರೋಪಿನ ದೊರೆಯೊಬ್ಬನ ಹೆಸರು ಅಮೆರಿಕದ ಬೆಟ್ಟದ ಹಳ್ಳಿಗಳಿಗೆ ಹೋಗಿದ್ದು ಹೇಗೆ ಅನ್ನುವುದು ಮೊದಲ ಪ್ರಶ್ನೆ. ಒಂದಲ್ಲ, ಎಷ್ಟೋ ಧಾಟಿಗಳಲ್ಲಿ ಅವನಿದ್ದಾನೆ. ‘ಬೋನಪಾರ್ಟೆ ರೈನ್ ನದಿ ದಾಟಿದ್ದು’, ‘ನೆಪೋಲಿಯನ್ ಆಲ್ಪ್ಸ್ ದಾಟಿದ್ದು’ ಎಂಬ ಹೆಸರಿನ ಪಿಟೀಲು ಧಾಟಿಗಳಿವೆ. ‘ಬೋನಪಾರ್ಟೆ ರಾಕಿ ಪರ್ವತ ದಾಟಿದ್ದು’ ಎಂಬುದೂ ಒಂದಿದೆ! ರಾಕಿ ಪರ್ವತ ಇರುವುದು ಅಮೆರಿಕದಲ್ಲಿ. ನೆಪೋಲಿಯನ್ ಅಮೆರಿಕಕ್ಕೆ ಕಾಲೇ ಇಟ್ಟಿರಲಿಲ್ಲ. ಆಲ್ಪ್ಸ್ ಬೆಟ್ಟ ನೋಡದವರು ತಮಗೆ ಗೊತ್ತಿದ್ದ ಬೆಟ್ಟವನ್ನೇ ಅವನಿಂದ ದಾಟಿಸಿದರು.

ಬೇರು ಹುಡುಕಿದರೆ ಐರ್ಲೆಂಡಿಗೆ ಹೋಗಬೇಕಾಗುತ್ತದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಐರಿಷ್ ಜನ ಇಂಗ್ಲಿಷರ ಆಳ್ವಿಕೆಯಿಂದ ಬೇಸತ್ತಿದ್ದರು. ಬಿಡುಗಡೆ ಫ್ರಾನ್ಸಿನಿಂದ ಬರಬಹುದೆಂದು ಕಾಯುತ್ತಿದ್ದರು. 1796ರ ಡಿಸೆಂಬರಿನಲ್ಲಿ ಫ್ರೆಂಚ್ ಹಡಗುಪಡೆ ಬ್ಯಾಂಟ್ರಿ ಕೊಲ್ಲಿಯವರೆಗೂ ಬಂತು. ಬಿರುಗಾಳಿಗೆ ಸಿಕ್ಕಿ ದಡ ಮುಟ್ಟಲಾಗದೆ ಹಿಂದಿರುಗಿತು. 1798ರ ದಂಗೆಯಲ್ಲಿ ಒಂದು ಸಣ್ಣ ಫ್ರೆಂಚ್ ಪಡೆ ಇಳಿದಿತ್ತು, ಅದೂ ಸೋತಿತು. ಆದರೂ ಆಸೆ ಸಾಯಲಿಲ್ಲ. ಮುಂದೆ ನೆಪೋಲಿಯನ್ ದೊಡ್ಡವನಾದಾಗ ಐರಿಷ್ ಹಾಡುಗಳು ಅವನನ್ನು ಶತ್ರುವಾಗಿ ಅಲ್ಲ, ಕೈಗೆ ಸಿಗದೆ ಹೋದ ನೆಂಟನ ಹಾಗೆ ನೆನೆದವು.

ಇಂಥ ನಿರೀಕ್ಷೆ ನಮ್ಮ ಕಡೆಯೂ ಇತ್ತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದಿದ್ದ. ಇಂಗ್ಲಿಷರ ಹಿಡಿತದಿಂದ ಬಿಡಿಸುತ್ತೇನೆ ಎಂಬ ಮಾತು ಅದರಲ್ಲಿತ್ತು. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಹೀಗೆ ಒಬ್ಬನೇ ಮನುಷ್ಯನ ಕಡೆಗೆ ಕಾವೇರಿ ತೀರದಲ್ಲೂ ಕಣ್ಣುಗಳಿದ್ದವು, ಐರ್ಲೆಂಡಿನ ಕಡಲತೀರದಲ್ಲೂ ಇದ್ದವು.

ಅವನು ಹಿಮ್ಮೆಟ್ಟಿದ್ದು ಅಂದರೆ ಯಾವುದು? ಹೆಚ್ಚಿನ ಪಿಟೀಲುಗಾರರು 1812ರ ಮಾಸ್ಕೋ ಕಥೆ ಹೇಳುತ್ತಾರೆ. ಲಕ್ಷಗಟ್ಟಲೆ ಸೈನಿಕರನ್ನು ಕಟ್ಟಿಕೊಂಡು ಹೋದವನು ಅಕ್ಟೋಬರಿನಲ್ಲಿ ಹೊರಳಬೇಕಾಯಿತು. ಹಿಮ, ಹಸಿವು, ರೋಗ ಎಲ್ಲ ಸೇರಿ ಸೇನೆಯ ಬಹುಪಾಲನ್ನು ತಿಂದುಹಾಕಿದವು. ಇನ್ನು ಕೆಲವರು 1815ರ ವಾಟರ್‌ಲೂ ಅನ್ನುತ್ತಾರೆ. ಧಾಟಿಯ ಜೊತೆ ಇಂಥ ಕಥೆಗಳೂ ನಡೆದು ಬರುತ್ತವೆ. ಕಥೆ ಹೇಳಿ ಆಮೇಲೆ ನುಡಿಸುವುದು ಅಲ್ಲಿನ ರೂಢಿ.

ಇಲ್ಲೊಂದು ತೊಡಕು ಗಮನಿಸಬೇಕು. ಕೆಂಟಕಿಯ ಗುಡ್ಡಗಾಡೂ ಸೇರುವ ಅಪಲೇಚಿಯನ್ ಬೆಟ್ಟಗಳಿಗೆ ಪಿಟೀಲು ಹಿಡಿದು ಹೋದವರಲ್ಲಿ ಜಾಸ್ತಿ ಜನ ಉತ್ತರ ಐರ್ಲೆಂಡಿನ ಆಲ್ಸ್ಟರ್ ಕಡೆಯ ಸ್ಕಾಟ್-ಐರಿಷ್ ಮಂದಿ. ಅವರ ದೊಡ್ಡ ವಲಸೆ ನಡೆದಿದ್ದು 1775ಕ್ಕೆ ಮೊದಲು. ಆಗ ನೆಪೋಲಿಯನ್ ಇನ್ನೂ ಆರು ವರ್ಷದ ಹುಡುಗ. ಅಂದರೆ ಆ ವಲಸಿಗರು ಈ ಹೆಸರನ್ನು ಹೊತ್ತು ತರಲು ಸಾಧ್ಯವೇ ಇಲ್ಲ. ಹೆಸರು ಆಮೇಲೆ ಬಂದವರ ಜೊತೆ ಬಂದಿರಬೇಕು, ಇಲ್ಲವೇ ಅದಾಗಲೇ ಅಲ್ಲಿದ್ದ ಧಾಟಿಗೆ ಹೊಸದಾಗಿ ಅಂಟಿಕೊಂಡಿರಬೇಕು. ಎರಡೂ ನಡೆಯುವಂಥವೇ. 1803ರಲ್ಲಿ ಲೂಸಿಯಾನ ಎಂಬ ದೊಡ್ಡ ನೆಲವನ್ನು ಒಂದೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿದವನೇ ನೆಪೋಲಿಯನ್. ಅವನ ಹೆಸರು ಅಮೆರಿಕನ್ನರಿಗೆ ಹೊಸದಾಗಿರಲಿಲ್ಲ.

ಪೆನ್ಸಿಲ್ವೇನಿಯಾದ ಧಾಟಿಗಳನ್ನು ಜೀವಮಾನವಿಡೀ ಕಲೆಹಾಕಿದ ವಿದ್ವಾಂಸ ಸ್ಯಾಮ್ಯುಯೆಲ್ ಬೇಯರ್ಡ್ ಇದರ ಮೂಲವನ್ನು ‘ಈಗಲ್ಸ್ ವಿಸಲ್’ ಎಂಬ ಹಳೆಯ ಐರಿಷ್ ನಡಿಗೆಯ ಧಾಟಿಗೆ ಹತ್ತಿರ ಇಟ್ಟು ನೋಡಿದರು. ಹದ್ದಿನ ಸಿಳ್ಳೆ ಎಂದು ಆ ಹೆಸರು. ಎರಡನ್ನೂ ಪಕ್ಕಪಕ್ಕ ಕೇಳಿದರೆ ಹೋಲಿಕೆ ಇದೆ. ಆದರೆ ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ಗೆರೆ ಎಳೆದು ಹೇಳುವಷ್ಟು ಬಿಗಿಯಾದ ಹೋಲಿಕೆ ಅಲ್ಲ. ನನಗೆ ಅನ್ನಿಸುವುದು ಇಷ್ಟು: ಇಂಥ ಧಾಟಿಗಳಿಗೆ ಒಬ್ಬ ತಾಯಿಯನ್ನು ಹುಡುಕುವುದಕ್ಕಿಂತ ದೊಡ್ಡ ಬಳಗವನ್ನು ಹುಡುಕುವುದು ಮೇಲು.

ತಂತಿ ಸಡಿಲಿಸಿದಾಗ

ಈ ಧಾಟಿಯ ಗುಟ್ಟು ಇರುವುದು ಸ್ವರಗಳಲ್ಲಿ ಮಾತ್ರ ಅಲ್ಲ, ಪಿಟೀಲನ್ನು ಶ್ರುತಿ ಮಾಡುವ ಬಗೆಯಲ್ಲಿ. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ.

ಪಾಶ್ಚಾತ್ಯ ಕ್ರಮದಲ್ಲಿ ಪಿಟೀಲಿನ ನಾಲ್ಕು ತಂತಿಗಳು ತಗ್ಗಿನಿಂದ ಎತ್ತರಕ್ಕೆ ಜಿ, ಡಿ, ಎ, ಇ. ‘ಬೋನಪಾರ್ಟ್ಸ್ ರಿಟ್ರೀಟ್’ ನುಡಿಸುವ ಹಳೆಯ ಕೈಗಳು ಇದನ್ನು ಬದಲಾಯಿಸಿಕೊಳ್ಳುತ್ತವೆ. ಅತಿ ತಗ್ಗಿನ ಜಿ ತಂತಿಯ ಬಿರಡೆಯನ್ನು ಸಡಿಲಿಸಿ ಐದು ಸ್ವರಸ್ಥಾನ ಕೆಳಗಿಳಿಸುತ್ತಾರೆ, ಅದು ಮಂದ್ರದ ಡಿ ಆಗುತ್ತದೆ. ಅತಿ ಎತ್ತರದ ಇ ತಂತಿಯನ್ನು ಎರಡು ಸ್ವರಸ್ಥಾನ ಇಳಿಸುತ್ತಾರೆ, ಅದು ಮೇಲಿನ ಡಿ ಆಗುತ್ತದೆ. ನಡುವಿನ ಎರಡು ತಂತಿ ಇದ್ದಂತೆಯೇ. ಈಗ ಸಿಕ್ಕಿದ್ದು ಡಿ, ಡಿ, ಎ, ಡಿ. ಡಿಯನ್ನೇ ಷಡ್ಜ ಅಂತ ಇಟ್ಟುಕೊಂಡರೆ ಮಂದ್ರ ಸ, ಮಧ್ಯ ಸ, ಪ, ತಾರ ಸ. ನಾಲ್ಕು ತಂತಿಯಲ್ಲಿ ಮೂರು ಷಡ್ಜ, ಒಂದು ಪಂಚಮ.

ಕರ್ನಾಟಕ ಸಂಗೀತದ ಪಿಟೀಲು ಕೇಳುವವರಿಗೆ ಇದರ ಪರಿಣಾಮ ಥಟ್ಟನೆ ಅರ್ಥವಾಗುತ್ತದೆ. ನಮ್ಮಲ್ಲಿ ತಂತಿಗಳು ಸ, ಪ, ಸ, ಪ. ಅಲ್ಲೂ ಇಲ್ಲೂ ಉದ್ದೇಶ ಒಂದೇ: ಬೆರಳಿಡದೆ ಬಿಟ್ಟ ತಂತಿಯೂ ಶ್ರುತಿಯಲ್ಲೇ ಇರಬೇಕು, ಕಮಾನು ಪಕ್ಕದ ತಂತಿಗೆ ತಾಗಿದರೂ ಅಪಸ್ವರ ಆಗಬಾರದು. ವ್ಯತ್ಯಾಸ ಅಂದರೆ, ನಮ್ಮವರಿಗೆ ಶ್ರುತಿ ಹಿಡಿಯಲು ತಂಬೂರಿ ಇರುತ್ತದೆ. ಕೆಂಟಕಿಯ ಪಿಟೀಲುಗಾರ ಒಬ್ಬನೇ. ಹಾಗಾಗಿ ಅವನು ಬೇಕಂತಲೇ ಎರಡು ತಂತಿಯನ್ನು ಒಟ್ಟಿಗೆ ತೀಡುತ್ತಾನೆ. ಒಂದರಲ್ಲಿ ಧಾಟಿ, ಇನ್ನೊಂದರಲ್ಲಿ ಬಿಡದೆ ಮೊರೆಯುವ ಷಡ್ಜ. ಇದಕ್ಕೆ ಅನುಕೂಲವಾಗಲಿ ಅಂತ ಎಷ್ಟೋ ಜನ ಪಿಟೀಲಿನ ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ, ಮೇಲಂಚನ್ನು ತೇಯ್ದು ಚಪ್ಪಟೆ ಮಾಡಿಕೊಳ್ಳುತ್ತಿದ್ದರು. ಕುದುರೆ ಚಪ್ಪಟೆಯಾದಷ್ಟೂ ಕಮಾನಿಗೆ ಎರಡು ತಂತಿ ಸುಲಭವಾಗಿ ಸಿಗುತ್ತವೆ.

ಐದು ಸ್ವರಸ್ಥಾನ ಇಳಿದ ದಪ್ಪ ತಂತಿ ಬಿಗಿ ಕಳೆದುಕೊಂಡಿರುತ್ತದೆ. ಕಮಾನು ತಾಗಿದಾಗ ಅದು ಶುದ್ಧವಾಗಿ ಮಿಡಿಯುವುದಿಲ್ಲ, ಗೊರಗುಡುತ್ತದೆ. ಶಾಸ್ತ್ರೀಯ ಪಿಟೀಲು ಕಲಿಸುವವರು ಇದನ್ನು ದೋಷ ಎಂದಾರು. ಇಲ್ಲಿ ಬೇಕಾಗಿರುವುದೇ ಆ ಗೊರಗು. ಚೀಲವಾದ್ಯ, ಅಂದರೆ ಬ್ಯಾಗ್‌ಪೈಪ್, ಹೊರಡಿಸುವ ನಿಲ್ಲದ ಶ್ರುತಿಯನ್ನು ಅದು ನೆನಪಿಸುತ್ತದೆ. ಪಿಟೀಲುಗಾರರೂ ಹಾಗೇ ಹೇಳುತ್ತಾರೆ: ಇದು ಯುದ್ಧಭೂಮಿಯ ಬ್ಯಾಗ್‌ಪೈಪ್. ನೆಪೋಲಿಯನ್ನನ ಸೇನೆಯಲ್ಲಿ ಬ್ಯಾಗ್‌ಪೈಪ್ ಎಲ್ಲಿತ್ತು ಅಂತ ಕೇಳಬಹುದು. ಅವನ ಎದುರು ನಿಂತ ಸ್ಕಾಟ್ಲೆಂಡಿನ ಪಡೆಗಳಲ್ಲಿ ಇತ್ತು, ವಾಟರ್‌ಲೂನಲ್ಲಿ ಅದು ಮೊಳಗಿತ್ತು. ಸೋತವನ ಕಥೆಗೆ ಗೆದ್ದವರ ವಾದ್ಯದ ದನಿ. ಈ ಜೋಡಣೆ ನನಗೆ ತುಂಬಾ ಹಿಡಿಸುತ್ತದೆ.

ಈ ಶ್ರುತಿಗೆ ‘ಸತ್ತವನ ಶ್ರುತಿ’ ಎಂಬ ಅಡ್ಡಹೆಸರೂ ಇದೆ. ಅದನ್ನು ‘ಬೋನಪಾರ್ಟ್ಸ್ ರಿಟ್ರೀಟ್ ಶ್ರುತಿ’ ಅಂತಲೇ ಕರೆಯುವವರೂ ಇದ್ದಾರೆ. ಉತ್ತರ ಕೆರೊಲಿನಾದ ಮೌಂಟ್ ಏರಿ ಊರಿನ ಹೆಸರಾಂತ ಪಿಟೀಲುಗಾರ ಟಾಮಿ ಜ್ಯಾರೆಲ್ ಈ ಧಾಟಿಯನ್ನು ನುಡಿಸುತ್ತಿದ್ದದ್ದು ಈ ಶ್ರುತಿಯಲ್ಲೇ. ಇದೇ ಶ್ರುತಿಯನ್ನು ಬೇಡುವ ಧಾಟಿಗಳು ಜಾಸ್ತಿ ಇಲ್ಲ. ಹಾಗಾಗಿ ನಾಲ್ಕು ಜನ ಸೇರಿದ ಕಡೆ ಯಾರಾದರೂ ಪಿಟೀಲಿನ ಎರಡು ಬಿರಡೆ ತಿರುಗಿಸತೊಡಗಿದರೆ, ಮುಂದೆ ಏನು ಬರುತ್ತದೆಂದು ಕೂತವರು ಊಹಿಸಿಬಿಡುತ್ತಾರೆ.

ಧಾಟಿಯ ಕಟ್ಟಡ ಸರಳ. ಎರಡು ಭಾಗ. ಒಂದು ತಗ್ಗಿನ ತಂತಿಗಳಲ್ಲಿ ಸುತ್ತುತ್ತದೆ. ಇನ್ನೊಂದು ಎತ್ತರದ ತಂತಿಗೆ ಏರುತ್ತದೆ. ಬೆಟ್ಟದ ಪಿಟೀಲುಗಾರರು ತಗ್ಗಿನ ಭಾಗಕ್ಕೆ ‘ಕೋರ್ಸ್’ ಅಂತಲೂ ಎತ್ತರದ್ದಕ್ಕೆ ‘ಫೈನ್’ ಅಂತಲೂ ಹೇಳುತ್ತಾರೆ. ಒರಟಾದದ್ದು, ನಯವಾದದ್ದು. ಒಂದೊಂದನ್ನೂ ಮತ್ತೆ ಮತ್ತೆ ನುಡಿಸಿ, ಮೊದಲಿಗೆ ಮರಳುವುದು ಸಾಮಾನ್ಯ ಕ್ರಮ. ಆದರೆ ಎಷ್ಟು ಸಲ, ಯಾವುದು ಮೊದಲು ಎಂಬುದರಲ್ಲೇ ಕೈಯಿಂದ ಕೈಗೆ ವ್ಯತ್ಯಾಸ ಶುರುವಾಗುತ್ತದೆ.

ನಡಿಗೆಯಿಂದ ಓಟಕ್ಕೆ

ಸ್ಟೆಪ್ ಅವರಿಗೆ ಮೊದಲು ಈ ಧಾಟಿ ಹೆಚ್ಚಿನ ಕಡೆ ನಿಧಾನದ ನಡಿಗೆಯಾಗಿತ್ತು. ಸೋತು ವಾಪಸಾಗುವ ಸೇನೆಯ ಹೆಜ್ಜೆ. ಕುಣಿತಕ್ಕೆ ಅಲ್ಲ, ಕೂತು ಕೇಳುವುದಕ್ಕೆ. ಕೆಲವರು ಇದನ್ನು ಪೂರ್ತಿ ಒಂದು ಕಥಾನಕವೇ ಮಾಡಿಬಿಡುತ್ತಿದ್ದರು. ತಂತಿಯನ್ನು ಬೆರಳಿನಿಂದ ಚಿಮ್ಮಿಸಿದರೆ ಗುಂಡಿನ ಸದ್ದು. ಎರಡು ತಂತಿ ಒಟ್ಟಿಗೆ ಎಳೆದರೆ ಬ್ಯಾಗ್‌ಪೈಪು. ಮೇಲಿನ ತಂತಿಯಲ್ಲಿ ಬೆರಳು ಜಾರಿಸಿದರೆ ಗಾಯಗೊಂಡವರ ನರಳಾಟ. ಕೇಳುವವರಿಗೆ ಕಣ್ಣಮುಂದೆ ರಣರಂಗ.

ಗ್ರಾಮೊಫೋನ್ ಕಂಪನಿಗಳು ದಕ್ಷಿಣದ ರಾಜ್ಯಗಳಿಗೆ ಹೋಗಿ ಹಳ್ಳಿಯ ಪಿಟೀಲುಗಾರರನ್ನು ಮುದ್ರಿಸತೊಡಗಿದ್ದು 1920ರ ದಶಕದಲ್ಲಿ. 1924ರಲ್ಲಿ ಜಾರ್ಜಿಯಾದ ಎ. ಎ. ಗ್ರೇ ಅವರು ಈ ಧಾಟಿಯನ್ನು ರೆಕಾರ್ಡಿಗೆ ನುಡಿಸಿದರು. 1929ರಲ್ಲಿ ಅದೇ ರಾಜ್ಯದ ‘ಸ್ಕಿಲೆಟ್ ಲಿಕರ್ಸ್’ ತಂಡ ಮುದ್ರಿಸಿತು. ಇವನ್ನು ಕೇಳಿದವರಿಗೆ ಆ ಹೊತ್ತಿನ ಸಾಮಾನ್ಯ ಚಾಲ್ತಿ ಏನಿತ್ತೆಂದು ತಿಳಿಯುತ್ತದೆ: ಗಂಭೀರ ನಡಿಗೆ, ತಗ್ಗಿನ ತಂತಿಯ ಮೊರೆತ, ಅವಸರ ಇಲ್ಲ.

ಈಗ 1937ಕ್ಕೆ ಬರೋಣ. ಆಲನ್ ಲೋಮ್ಯಾಕ್ಸ್ ಅವರಿಗೆ ಆಗ 22 ವರ್ಷ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾನಪದ ಹಾಡುಗಳ ಸಂಗ್ರಹಕ್ಕಾಗಿ ಅವರೂ ಹೆಂಡತಿ ಎಲಿಜಬೆತ್ ಅವರೂ ಪೂರ್ವ ಕೆಂಟಕಿಯಲ್ಲಿ ಸುತ್ತುತ್ತಿದ್ದರು. ಕಾರಿನಲ್ಲಿ ಒಂದು ಭಾರದ ಯಂತ್ರ. ಅದರಲ್ಲಿ ತಿರುಗುವ ತಟ್ಟೆಯ ಮೇಲೆ ಸೂಜಿ ನೇರವಾಗಿ ದನಿಯನ್ನು ಕೊರೆಯುತ್ತಿತ್ತು. ಒಂದು ಬದಿಗೆ ಕೆಲವೇ ನಿಮಿಷ. ಅಳಿಸಿ ಮತ್ತೆ ಮುದ್ರಿಸುವ ಮಾತೇ ಇಲ್ಲ. ಅಕ್ಟೋಬರ್ 26ರಂದು ಮಗಾಫಿನ್ ಕೌಂಟಿಯ ಸ್ಯಾಲಿಯರ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆ ಯಂತ್ರದ ಮುಂದೆ ಕೂತವರು 62 ವರ್ಷದ ವಿಲಿಯಂ ಸ್ಟೆಪ್. 1875ರಲ್ಲಿ ಹುಟ್ಟಿದವರು. ಸುತ್ತಲಿನ ಊರುಗಳಲ್ಲಿ ಅವರನ್ನು ‘ಪಿಟೀಲು ಬಿಲ್’ ಅಂತಲೇ ಕರೆಯುತ್ತಿದ್ದರು.

ಅವರು ‘ಬೋನಪಾರ್ಟ್ಸ್ ರಿಟ್ರೀಟ್’ ಎತ್ತಿಕೊಂಡರು. ಆದರೆ ನಡಿಗೆಯಲ್ಲಿ ಅಲ್ಲ. ಕುಣಿತದ ವೇಗಕ್ಕೆ ಏರಿಸಿ ನುಡಿಸಿದರು.

ಅವರು ಮಾಡಿದ್ದು ವೇಗ ಹೆಚ್ಚಿಸಿದ್ದಷ್ಟೇ ಅಲ್ಲ. ನಿಧಾನದ ರೂಪದಲ್ಲಿ ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವ ಜಾಗಗಳಿದ್ದವು. ಆ ಜಾಗಗಳನ್ನೆಲ್ಲ ಸ್ಟೆಪ್ ಸಣ್ಣ ಸಣ್ಣ ಸ್ವರಗಳಿಂದ ತುಂಬಿದರು. ಕಮಾನು ನಿಲ್ಲುವುದೇ ಇಲ್ಲ. ಅದು ಎರಡು ತಂತಿಗಳ ನಡುವೆ ತೂಗುತ್ತಾ ಹೋಗುತ್ತದೆ, ಮೊರೆಯುವ ಷಡ್ಜ ಆಗಾಗ ತಟ್ಟುವ ತಾಳವಾಗಿ ಬದಲಾಗುತ್ತದೆ. ಪೆಟ್ಟು ಬೀಳುತ್ತದೆ ಅಂತ ನಾವು ಕಾಯುವ ಜಾಗದಲ್ಲಿ ಕಮಾನು ತಿರುಗದೆ ಮುಂದಿನ ಸ್ವರದೊಳಗೆ ಜಾರುತ್ತದೆ. ಪೆಟ್ಟು ಒಂದು ಕೂದಲೆಳೆ ಆಚೆ ಬೀಳುತ್ತದೆ. ಕಾಲು ತಾನಾಗಿ ಅಲುಗುವುದು ಇದರಿಂದಲೇ. ಶ್ರುತಿ ಅದೇ, ಎರಡು ಭಾಗಗಳೂ ಅವೇ. ಆದರೆ ಶೋಕದ ನಡಿಗೆ ಹೋಗಿ ಕುಣಿತ ಬಂದಿದೆ.

ಕಮಾನಿನ ಈ ತಾಳದ ಆಟ ಐರ್ಲೆಂಡಿನಿಂದ ಬಂದದ್ದಲ್ಲ. ಅಮೆರಿಕದ ದಕ್ಷಿಣ ಭಾಗದ ಪಿಟೀಲು ವಾದನವನ್ನು ರೂಪಿಸಿದವರಲ್ಲಿ ಕಪ್ಪು ಜನರ ಪಾಲು ದೊಡ್ಡದು. ಗುಲಾಮಗಿರಿಯ ಕಾಲದಲ್ಲಿ ತೋಟದ ಒಡೆಯರ ಮನೆಯ ಕುಣಿತಗಳಿಗೆ ಪಿಟೀಲು ನುಡಿಸುತ್ತಿದ್ದವರು ಎಷ್ಟೋ ಕಡೆ ಅವರೇ. ಬ್ಯಾಂಜೊ ವಾದ್ಯದ ಬೇರು ಇರುವುದೇ ಆಫ್ರಿಕಾದಲ್ಲಿ. ಕೆಂಟಕಿಯಲ್ಲೇ ಜಿಮ್ ಬುಕರ್ ಎಂಬ ಕಪ್ಪು ಪಿಟೀಲುಗಾರರು 1927ರಲ್ಲಿ ಬಿಳಿಯರ ತಂಡದ ಜೊತೆ ಕೂತು ರೆಕಾರ್ಡಿಗೆ ನುಡಿಸಿದ್ದರು. ಈ ಸಂಗೀತವನ್ನು ಬರೀ ಸ್ಕಾಟ್ಲೆಂಡ್, ಐರ್ಲೆಂಡಿನ ಉಳಿಕೆ ಎಂದು ವಿವರಿಸುವವರು ಅರ್ಧ ಕಥೆಯನ್ನೇ ಬಿಟ್ಟುಬಿಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ.

ತಟ್ಟೆಯಿಂದ ಕಾಗದಕ್ಕೆ, ಕಾಗದದಿಂದ ವೇದಿಕೆಗೆ

ಸ್ಟೆಪ್ ಅವರ ನುಡಿಕೆ ಆ ತಟ್ಟೆಯಲ್ಲೇ ಉಳಿದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದಕ್ಕೆ ಒಯ್ದವರು ರೂತ್ ಕ್ರಾಫರ್ಡ್ ಸೀಗರ್. ಹಾಡುಗಾರ ಪೀಟ್ ಸೀಗರ್ ಅವರ ಮಲತಾಯಿ ಎಂದು ಅವರನ್ನು ಪರಿಚಯಿಸುವುದುಂಟು. ಅದಕ್ಕಿಂತ ಮೊದಲು ಅವರು ಸ್ವತಃ ದೊಡ್ಡ ಸಂಗೀತ ರಚನಕಾರ್ತಿ. 1930ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದವರು, ಸಂಗೀತ ರಚನೆಗಾಗಿ ಅದನ್ನು ಪಡೆದ ಮೊದಲ ಹೆಂಗಸು. ಜಾನ್ ಮತ್ತು ಆಲನ್ ಲೋಮ್ಯಾಕ್ಸ್, ಅಪ್ಪ-ಮಗ, ತಾವು ಕೂಡಿಹಾಕಿದ ಹಾಡುಗಳ ‘ಅವರ್ ಸಿಂಗಿಂಗ್ ಕಂಟ್ರಿ’ ಎಂಬ ಪುಸ್ತಕ ತರಲು ಹೊರಟಾಗ, ರೆಕಾರ್ಡುಗಳನ್ನು ಕೇಳಿ ಸ್ವರ ಬರೆಯುವ ಕೆಲಸ ಇವರಿಗೆ ಬಂತು. ಪುಸ್ತಕ ಹೊರಬಂದಿದ್ದು 1941ರಲ್ಲಿ.

ಜಾನಪದ ಹಾಡನ್ನು ಸ್ವರಲಿಪಿಗೆ ಇಳಿಸುವಾಗ ಸಾಮಾನ್ಯವಾಗಿ ಏನಾಗುತ್ತದೆ? ಸರಳ ಮಾಡುತ್ತಾರೆ. ಹಾಡುಗಾರ ಎಳೆದಿದ್ದು, ಜಾರಿಸಿದ್ದು, ತಾಳಕ್ಕೆ ಮುಂಚೆ ಬಂದಿದ್ದು ಎಲ್ಲವನ್ನೂ ತೆಗೆದು ಒಂದು ಅಸ್ಥಿಪಂಜರ ಇಡುತ್ತಾರೆ. ರೂತ್ ಹಾಗೆ ಮಾಡಲಿಲ್ಲ. ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಹಾಕಿ ಕೇಳಿ, ಹಾಡಿದವರು ಹೇಗೆ ಹಾಡಿದರೋ ನುಡಿಸಿದವರು ಹೇಗೆ ನುಡಿಸಿದರೋ ಹಾಗೇ ಹಿಡಿಯಲು ನೋಡಿದರು. ಸ್ಟೆಪ್ ಅವರ ಒಂದೊಂದು ಸಣ್ಣ ಸ್ವರವೂ ಕಾಗದದ ಮೇಲೆ ಬಂತು. ಪುಸ್ತಕದಲ್ಲಿ ಧಾಟಿಯ ಹೆಸರು ‘ಬೋನಿಪಾರ್ಟ್’ ಎಂದಾಯಿತು. ಈ ಹೆಂಗಸಿನ ಕಿವಿ ಇಲ್ಲದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ. ಇಡೀ ಕಥೆಯಲ್ಲಿ ಅವರಿಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ ಅಂತಲೇ ನನ್ನ ಅನಿಸಿಕೆ.

ಮರುವರ್ಷ ಕೋಪ್‌ಲ್ಯಾಂಡ್ ಅವರಿಗೆ ಒಂದು ಕೌಬಾಯ್ ಬ್ಯಾಲೆಗೆ ಸಂಗೀತ ಬೇಕಾಯಿತು. ನೃತ್ಯ ಸಂಯೋಜಕಿ ಆಗ್ನೆಸ್ ಡಿ ಮಿಲ್, ಪ್ರದರ್ಶನ ‘ಬ್ಯಾಲೆ ರೂಸ್ ದ ಮಾಂಟೆ ಕಾರ್ಲೊ’ ತಂಡದ್ದು. ಕೋಪ್‌ಲ್ಯಾಂಡ್ ಬ್ರೂಕ್ಲಿನ್‌ನಲ್ಲಿ ಹುಟ್ಟಿ ಬೆಳೆದವರು, ಪ್ಯಾರಿಸ್ಸಿನಲ್ಲಿ ಕಲಿತವರು. ದನ ಕಾಯುವವರ ಸಂಗೀತವನ್ನು ಅವರು ಹುಡುಕಿದ್ದು ಪುಸ್ತಕಗಳಲ್ಲಿ. ರೂತ್ ಬರೆದಿಟ್ಟ ‘ಬೋನಿಪಾರ್ಟ್’ ಕಣ್ಣಿಗೆ ಬಿತ್ತು. ಅದನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಎತ್ತಿಕೊಂಡರು. ಸ್ವರ ಡಿ, ಅದೇ. ಓಟವೂ ಅದೇ. ನಡುವೆ ‘ಮಿಸ್ ಮ್ಯಾಕ್‌ಲೌಡ್ಸ್ ರೀಲ್’ ಎಂಬ ಸ್ಕಾಟಿಷ್ ಧಾಟಿಯ ಒಂದು ತುಣುಕು ಸೇರಿಸಿದರು. 1942ರ ಅಕ್ಟೋಬರ್ 16ರಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾ ಹೌಸಿನಲ್ಲಿ ‘ರೋಡಿಯೋ’ದ ಮೊದಲ ಪ್ರದರ್ಶನ ಆಯಿತು. ಸ್ಯಾಲಿಯರ್ಸ್‌ವಿಲ್‌ನಲ್ಲಿ ಸ್ಟೆಪ್ ನುಡಿಸಿ ಸರಿಯಾಗಿ ಐದು ವರ್ಷಕ್ಕೆ ಹತ್ತು ದಿನ ಕಮ್ಮಿ.

ಕೋಪ್‌ಲ್ಯಾಂಡ್ ಅವರ ಕೆಲಸವನ್ನು ಇದರಿಂದ ಕಡಿಮೆ ಮಾಡಬೇಕಿಲ್ಲ. ಶುರುವಿನಲ್ಲಿ ಇಡೀ ವಾದ್ಯಗೋಷ್ಠಿ ಬಿಟ್ಟ ತಂತಿಗಳನ್ನು ತೀಡಿದಂತೆ ಸದ್ದು ಮಾಡುತ್ತದೆ. ಕುಣಿತಕ್ಕೆ ಮೊದಲು ಪಿಟೀಲುಗಾರ ಶ್ರುತಿ ನೋಡಿಕೊಳ್ಳುವ ಚಿತ್ರ ಅದು. ಆಮೇಲೆ ಪಿಯಾನೊ, ಮರದ ತುಂಡಿನ ತಾಳ. ಅದರ ಮೇಲೆ ತಂತಿವಾದ್ಯಗಳೆಲ್ಲ ಸೇರಿ ಸ್ಟೆಪ್ ಅವರ ಧಾಟಿಗೆ ಇಳಿಯುತ್ತವೆ. ಒಬ್ಬ ಮನುಷ್ಯ ಒಂದು ಕಮಾನಿನಿಂದ ಮಾಡಿದ್ದನ್ನು ಒಂದು ಗುಂಪಿಗೆ ಹೇಗೆ ಹಂಚಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಧಾಟಿಯ ಹೆಸರನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಅವರ ಮಾತಿನಲ್ಲಿ ಅದು ‘ಬೋನಿಪಾರ್ಟ್’ ಎಂಬ ಒಂದು ಕುಣಿತದ ಧಾಟಿ, ಅಷ್ಟೇ. ಅದನ್ನು ಓಟಕ್ಕೆ ಹಚ್ಚಿದ ಸ್ಟೆಪ್ ಅವರ ಹೆಸರು ಅಲ್ಲಿಲ್ಲ.

ಇಲ್ಲೇ ನನಗೆ ಬೇಸರ ಇರುವುದು. ಕೋಪ್‌ಲ್ಯಾಂಡ್ ನಿಧಾನದ ನಡಿಗೆಯ ರೂಪವನ್ನು ತೆಗೆದುಕೊಂಡು ತಾವೇ ವೇಗ ಕೊಟ್ಟಿದ್ದರೆ ಅದು ಬೇರೆ ಮಾತು. ಆಗ ‘ಜನಪದರಿಂದ ಪಡೆದೆ’ ಎಂದರೆ ಸಾಕಿತ್ತು. ಆದರೆ ‘ಹೋ-ಡೌನ್’ ಅನ್ನು ‘ಹೋ-ಡೌನ್’ ಮಾಡಿದ ಆ ಓಟ, ಆ ಸಣ್ಣ ಸ್ವರಗಳ ತುಂಬುವಿಕೆ, ಜನಪದರೆಲ್ಲರ ಆಸ್ತಿ ಆಗಿರಲಿಲ್ಲ. ಅದು ಒಬ್ಬರ ಯೋಚನೆ. ಗ್ರೇ ಅಥವಾ ಜ್ಯಾರೆಲ್ ಅವರ ನುಡಿಕೆ ರೂತ್ ಅವರ ಕೈಗೆ ಸಿಕ್ಕಿದ್ದರೆ ಇವತ್ತು ಜಗತ್ತು ಕೇಳುವ ಸಂಗೀತ ಬೇರೆಯೇ ಇರುತ್ತಿತ್ತು.

ಮುಂದಿನದು ಬೇಗ ಹೇಳಿಬಿಡಬಹುದು. 1972ರಲ್ಲಿ ಇಂಗ್ಲೆಂಡಿನ ರಾಕ್ ತಂಡ ‘ಎಮರ್ಸನ್, ಲೇಕ್ ಆ್ಯಂಡ್ ಪಾಮರ್’ ಇದೇ ‘ಹೋ-ಡೌನ್’ ಅನ್ನು ಆರ್ಗನ್ ಮತ್ತು ಸಿಂಥಸೈಜರ್ ಮೇಲೆ ಇನ್ನೂ ವೇಗವಾಗಿ ನುಡಿಸಿತು. ಆಮೇಲೆ ಮಾಂಸದ ಜಾಹೀರಾತು. ಒಂದೊಂದು ಹೆಜ್ಜೆಗೂ ಸ್ಟೆಪ್ ಇನ್ನಷ್ಟು ದೂರ.

ಇನ್ನೊಂದು ಕವಲು: ಮಾತು ಬಂದಾಗ

ಇಷ್ಟು ಹೊತ್ತಿಗೆ ಧಾಟಿ ಬೇರೊಂದು ದಾರಿಯಲ್ಲೂ ಹೊರಟಿತ್ತು. ‘ಟೆನೆಸಿ ವಾಲ್ಟ್ಸ್’ ಹಾಡಿನ ಸಂಗೀತಕ್ಕೆ ಹೆಸರಾದ ಪೀ ವೀ ಕಿಂಗ್, ಅಕಾರ್ಡಿಯನ್ ನುಡಿಸುವ ಕಂಟ್ರಿ ಸಂಗೀತಗಾರ, ಈ ಪಿಟೀಲು ಧಾಟಿಗೆ ಮಾತು ಹಾಕಿದರು. ಯುದ್ಧದ ಹಾಡಲ್ಲ, ಪ್ರೇಮದ ಹಾಡು. ಹುಡುಗ ಒಬ್ಬಳು ಹುಡುಗಿಯನ್ನು ಭೇಟಿಯಾಗುತ್ತಾನೆ, ಮನಸ್ಸು ಬಿಚ್ಚುತ್ತಾನೆ, ಆಗ ಹಿಂದೆ ನುಡಿಯುತ್ತಿದ್ದದ್ದು ‘ಬೋನಪಾರ್ಟ್ಸ್ ರಿಟ್ರೀಟ್’. ಧಾಟಿಯೇ ಹಾಡಿನ ಒಳಗೆ ಒಂದು ಪಾತ್ರವಾಯಿತು. 1950ರಲ್ಲಿ ಕೇ ಸ್ಟಾರ್ ಹಾಡಿದ ರೂಪ ಅಮೆರಿಕದಾದ್ಯಂತ ಜನಪ್ರಿಯವಾಯಿತು. 1974ರಲ್ಲಿ ಗ್ಲೆನ್ ಕ್ಯಾಂಪ್‌ಬೆಲ್ ಮತ್ತೆ ಹಾಡಿ ಗೆದ್ದರು.

ಈ ಹಾಡಿನ ಧಾಟಿ ಸ್ಟೆಪ್ ಅವರ ಓಟದಿಂದ ಬಂದದ್ದಲ್ಲ. ಇದರ ಕೆಳಗಿರುವುದು ಎಲ್ಲರ ಬಳಿ ಇದ್ದ ಸಾಮಾನ್ಯ ರೂಪ. ತಗ್ಗಿನ ಭಾಗದ ತಿರುವುಗಳು ಹಾಡುವ ಬಾಯಿಗೆ ಒಗ್ಗುವಷ್ಟು ಸರಳವಾಗಿವೆ. ಸ್ಟೆಪ್ ತುಂಬಿದ ಅಷ್ಟು ಸ್ವರಗಳನ್ನು ಯಾರೂ ಮಾತಿಗೆ ಹೊಂದಿಸಿ ಹಾಡಲಾರರು. ಹಾಗಾಗಿ ‘ಹೋ-ಡೌನ್’ ಚೆನ್ನಾಗಿ ಗೊತ್ತಿರುವವರು ಗ್ಲೆನ್ ಕ್ಯಾಂಪ್‌ಬೆಲ್ ಹಾಡು ಕೇಳಿದರೆ ಎರಡೂ ಒಂದೇ ಬಳಗದ್ದು ಅಂತ ಸುಲಭಕ್ಕೆ ಗುರುತಾಗುವುದಿಲ್ಲ. ಒಂದೇ ಹೆಸರು, ಒಂದೇ ಬೇರು, ಆದರೆ ಬೇರೆ ಬೇರೆ ಕೈಗಳಲ್ಲಿ 13 ವರ್ಷದ ಒಳಗೆ ಇಷ್ಟು ದೂರ.

ಕೇಳುವವರಿಗೆ

ಇಷ್ಟೆಲ್ಲ ಓದಿದ ಮೇಲೆ ಸುಮ್ನೆ ಕೂರಬೇಡಿ, ಕೇಳಿ. ಒಂದು ಕ್ರಮ ಸೂಚಿಸುತ್ತೇನೆ. ಮೊದಲು ಗ್ರೇ ಅಥವಾ ಸ್ಕಿಲೆಟ್ ಲಿಕರ್ಸ್ ಅವರ ಹಳೆಯ ರೆಕಾರ್ಡು. ಗರಗರ ಸದ್ದು ಜಾಸ್ತಿ ಇರುತ್ತದೆ, ಅದರ ಹಿಂದೆ ತಗ್ಗಿನ ತಂತಿಯ ಮೊರೆತಕ್ಕೆ ಕಿವಿ ಕೊಡಿ. ಆಮೇಲೆ ಟಾಮಿ ಜ್ಯಾರೆಲ್. ಮೂರನೆಯದಾಗಿ ಸ್ಟೆಪ್. ಲೋಮ್ಯಾಕ್ಸ್ ದಂಪತಿ ಕೆಂಟಕಿಯಲ್ಲಿ ಮುದ್ರಿಸಿದ್ದೆಲ್ಲ ಈಗ ಇಂಟರ್ನೆಟ್ಟಿನಲ್ಲಿ ಕಾಸು ಕೊಡದೆ ಕೇಳಲು ಸಿಗುತ್ತದೆ. ‘ಹೋ-ಡೌನ್’ ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕೇಳಿದರೆ ಸ್ಟೆಪ್ ಅವರ ಪಿಟೀಲು ಅದರ ನಕಲಿನಂತೆ ಕೇಳಿಸಿಬಿಡುತ್ತದೆ, ನಡೆದದ್ದು ತಿರುಗಾಮುರುಗಾ.

ಸ್ಟೆಪ್ ಅವರನ್ನು ಕೇಳುವಾಗ ಒಂದು ಜಾಗ ಗಮನಿಸಿ. ತಗ್ಗಿನ ಭಾಗ ಮುಗಿದು ಎತ್ತರದ ಭಾಗಕ್ಕೆ ಏರುವಲ್ಲಿ ಬೇರೆ ಯಾರೇ ಆದರೂ ಒಂದು ಚೂರು ತಡೆಯುತ್ತಾರೆ. ಕೇಳುವವರಿಗೆ ‘ಈಗ ಇನ್ನೊಂದು ಭಾಗ’ ಅಂತ ಸೂಚನೆ ಅದು. ಸ್ಟೆಪ್ ತಡೆಯುವುದಿಲ್ಲ. ಓಡುತ್ತಿದ್ದ ಸ್ವರಗಳ ಬೆನ್ನೇರಿಯೇ ಮೇಲಕ್ಕೆ ಹೋಗುತ್ತಾರೆ.

ಹಳೆಯ ಪಿಟೀಲು ಸಂಗೀತವನ್ನು ಇಷ್ಟಪಡುವವರ ನಡುವೆ ಸ್ಟೆಪ್ ಅವರ ಹೆಸರು ಮತ್ತೆ ಬಂದದ್ದು ನಿಧಾನವಾಗಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾನಪದ ಸಂಗ್ರಹ ನೋಡಿಕೊಳ್ಳುತ್ತಿದ್ದ ಆಲನ್ ಜಬೋರ್, ಸ್ವತಃ ಪಿಟೀಲುಗಾರರು, 1971ರಲ್ಲಿ ಅಮೆರಿಕದ ಪಿಟೀಲು ಧಾಟಿಗಳ ಒಂದು ರೆಕಾರ್ಡು ತಂದರು. ಅದರಲ್ಲಿ ಸ್ಟೆಪ್ ಅವರ ನುಡಿಕೆ ಇತ್ತು. ಆಮೇಲೆ ಬ್ಯಾಂಜೊ ವಾದಕ ಮತ್ತು ಲೇಖಕ ಸ್ಟೀಫನ್ ವೇಡ್ ಅವರು ಲೋಮ್ಯಾಕ್ಸ್ ಕಾಲದ ಇಂಥ ಮುದ್ರಣಗಳ ಹಿಂದಿದ್ದ ಜನರನ್ನು ಹುಡುಕಿ, ಅವರ ಊರುಗಳಿಗೆ ಹೋಗಿ, ಸ್ಟೆಪ್ ಅವರ ಬದುಕಿನ ಬಗ್ಗೆಯೂ ವಿವರವಾಗಿ ಬರೆದರು. ಅಮೆರಿಕ ಸರ್ಕಾರ ಕಾಪಾಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಯಲ್ಲೂ ಆ 1937ರ ತಟ್ಟೆಗೆ ಜಾಗ ಸಿಕ್ಕಿದೆ.

ಈಗ ಅಲ್ಲಿನ ಪಿಟೀಲು ಕೂಟಗಳಲ್ಲಿ ‘ಬೋನಪಾರ್ಟ್ಸ್ ರಿಟ್ರೀಟ್’ ನುಡಿಸೋಣ ಅಂತ ಒಬ್ಬರು ಅಂದರೆ, ಇನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ‘ಯಾರದ್ದು? ಸ್ಟೆಪ್ ಅವರದ್ದಾ?’